‘ಚಾಲಕನ ತಪ್ಪು’ ಎಂಬ ಷರಾ

ಆಷಾಢದ ಗಾಳಿಗೆ ರೋಣ, ನರಗುಂದದ ಎರೆಹೊಲಗಳಲ್ಲಿ ಪಟ ಹಾರಿಸುವ ಹುಡುಗರಿಗೂ ತಿಳಿದ ಸಂಗತಿಯೊಂದುಂಟು: ದಾರವನ್ನು ಸೆಳೆದೊಡನೆ ಪಟವು ಏರುತ್ತದೆ, ಮಿತಿಮೀರಿ ಸೆಳೆದರೆ ಗೋತಾ ಹೊಡೆದು ನೆಲಕ್ಕೆ ಬೀಳುತ್ತದೆ. ಎಂಜಿನ್ನಿಲ್ಲದ ವಿಮಾನವಾದ ಗ್ಲೈಡರನ್ನು ವಿಂಚಿನಿಂದ ಮೇಲಕ್ಕೇರಿಸುವ ಕ್ರಮವೂ ಸ್ಥೂಲವಾಗಿ ಇದೇ ಬಗೆಯದು. ಬಯಲಿನ ಒಂದು ತುದಿಗೆ ಗ್ಲೈಡರು, ಸುಮಾರು 1000 ಮೀಟರು ಆಚೆಗೆ ಎಂಜಿನ್ನಿನಿಂದ ತಿರುಗುವ ರಾಟೆ, ನಡುವೆ ಹಗ್ಗ. ರಾಟೆಯು ತಿರುಗಿತೆಂದರೆ ಕೆಲವೇ ಸೆಕೆಂಡುಗಳಲ್ಲಿ ಗ್ಲೈಡರು ನೆಲ ಬಿಡುತ್ತದೆ. ನಿಮಿಷವೊಂದು ಕಳೆಯುವುದರೊಳಗೆ 300-400 ಮೀಟರು ಎತ್ತರದಲ್ಲಿರುತ್ತದೆ.

ಗಜೇಂದ್ರಗಡದ ಗುಡ್ಡಗಳ ಗಾಳಿಯು ಇಂದು ವಿದ್ಯುತ್ತಿನ ಗಾಳಿಯಂತ್ರಗಳನ್ನು ತಿರುಗಿಸುತ್ತಿದೆ. ಅದೇ ಗಾಳಿಯಲ್ಲಿ ತೇಲುವ ಆಸೆಯು ಈ ಭಾಗದ ತರುಣರಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ಪುಣೆಯ ಹಡಪಸರದಲ್ಲಿ ಸರಕಾರವೇ ಕೇಂದ್ರವೊಂದನ್ನು ತೆರೆದು ವಿಂಚಿನ ಏರಿಕೆಯನ್ನು ಕಲಿಸಿದ ಉದಾಹರಣೆಯುಂಟು. ಈ ವಿದ್ಯೆಯು ನಮ್ಮ ನಾಡಿಗೂ ಬರಲೆಂದು ಬಯಸುವವರಲ್ಲಿ ನಾವೂ ಸೇರಿದವರು. ಆದುದರಿಂದಲೇ, ಅಪಘಾತವಾದ ತರುವಾಯ ಕಡತದ ಮೇಲೆ ಬೀಳುವ ‘ಚಾಲಕನ ತಪ್ಪು’ ಎಂಬ ಷರಾದ ಬಗ್ಗೆ ನಮ್ಮ ತಕರಾರನ್ನು ಹೇಳಬೇಕಾಗಿದೆ.

ಷರಾ ಸುಳ್ಳೆಂದು ನಾವು ಹೇಳುವುದಿಲ್ಲ. ನೆಲದ ಮೇಲೆ ಓಡುವಾಗ ಒಂದು ರೆಕ್ಕೆಯು ಜೋತು ಹುಲ್ಲಿಗೆ ಸಿಕ್ಕರೆ, ಹಗ್ಗವು ಎಳೆಯುತ್ತಲೇ ಇರುವುದರಿಂದ ವಿಮಾನವು ಆ ರೆಕ್ಕೆಯನ್ನೇ ಊರಿಕೊಂಡು ಪಲ್ಟಿ ಹೊಡೆಯುತ್ತದೆ. ರೆಕ್ಕೆ ತಾಗುವ ಮುನ್ನವೇ ಹಗ್ಗವನ್ನು ಕಳಚಬೇಕು. ಅದಕ್ಕಾಗಿ ಚಾಲಕನ ಕೈಯು ಕಳಚುವ ಗುಬ್ಬಿಯನ್ನು ಬಿಟ್ಟಿರಕೂಡದು. ನೆಲ ಬಿಟ್ಟೊಡನೆ ಆತುರದಿಂದ ಮೂತಿಯನ್ನೆತ್ತಿದರೆ ಇನ್ನೊಂದು ಗಂಡಾಂತರ. ಹಗ್ಗದ ಸೆಳೆತವು ರೆಕ್ಕೆಗಳ ಮೇಲೆ ಭಾರವನ್ನು ಹೇರುವುದರಿಂದ, ಸಾಧಾರಣ ಹಾರಾಟಕ್ಕೆ ಸಾಲುವ ವೇಗವು ಅಲ್ಲಿ ಸಾಲದು. ಒಂದು ರೆಕ್ಕೆಯು ಗಾಳಿಯ ಆಸರೆ ತಪ್ಪಿ ವಿಮಾನವು ಮಗುಚುತ್ತದೆ, ಸಾವರಿಸಿಕೊಳ್ಳಲು ಎತ್ತರವಿರುವುದಿಲ್ಲ. ಹಗ್ಗ ಹರಿದರಂತೂ ಮೊದಲು ಮೂತಿಯನ್ನು ಇಳಿಸಿ ವೇಗವು ಮರಳುವವರೆಗೆ ತಾಳಬೇಕು; ಎಲ್ಲಿ ಇಳಿಯುವುದೆಂಬ ವಿಚಾರವು ಆಮೇಲಿನದು. ಹಗ್ಗ ಹರಿಯುವುದೇನೂ ದೈವಕೋಪವಲ್ಲ. ಸೆಳೆತವು ಅತಿಯಾದರೆ ತಾನಾಗಿ ಮುರಿಯಲೆಂದೇ ನಡುವೆ ದುರ್ಬಲವಾದ ಕೊಂಡಿಯೊಂದನ್ನು ಇಟ್ಟಿರುತ್ತಾರೆ.

ಇದೆಲ್ಲವೂ ಎರಡು ಮೂರು ಸೆಕೆಂಡುಗಳ ಕೆಲಸ. ಅಂಥ ಹೊತ್ತಿನಲ್ಲಿ ಯೋಚಿಸಿ ಮಾಡಬಲ್ಲವನಾರು? ಕೈಗೆ ರೂಢಿಯಾದುದಷ್ಟೇ ನಡೆಯುತ್ತದೆ. ರೂಢಿ ಮಾಡಿಸುವ ಹೊಣೆಯು ಶಿಕ್ಷಕನದು. ಬ್ರಿಟನ್ನಿನ ಗ್ಲೈಡಿಂಗ್ ಸಂಘವು ಹಲವು ವರ್ಷಗಳ ಅಪಘಾತಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ, 2005ರಿಂದ ಈ ಸಂಗತಿಗಳನ್ನೇ ತನ್ನ ಕ್ಲಬ್ಬುಗಳಿಗೆ ಬಿಡದೆ ಬೋಧಿಸಿತು. ವಿಂಚಿನ ಗಂಭೀರ ಅಪಘಾತಗಳು ಬಹಳಷ್ಟು ತಗ್ಗಿದವು. ಅಲ್ಲಿಯ ಚಾಲಕರು ಒಮ್ಮೆಲೇ ದೇವತೆಗಳಾದರೆಂದಲ್ಲ. ಕಲಿಸುವ ಕ್ರಮವು ಬದಲಾಯಿತು.

ಸತ್ತವನ ತಲೆಗೆ ತಪ್ಪು ಕಟ್ಟಿ ಕಡತವನ್ನು ಮುಚ್ಚುವುದು ಕಚೇರಿಗೆ ಸುಲಭ. ಸತ್ತವನು ಅಪೀಲು ಮಾಡುವುದಿಲ್ಲವಷ್ಟೆ! ಹಗ್ಗ ಹರಿದಾಗಿನ ಕ್ರಮವನ್ನು ಅವನಿಗೆ ಎಷ್ಟು ಸಲ ಮಾಡಿಸಿದ್ದರು, ಅಂದಿನ ಅಡ್ಡಗಾಳಿಯಲ್ಲಿ ಅವನನ್ನು ಒಬ್ಬನನ್ನೇ ಬಿಡಲು ಅಪ್ಪಣೆಯಿತ್ತವರಾರು ಎಂಬುದನ್ನು ತನಿಖೆಯ ಅಧಿಕಾರಿಗಳು ಬರೆಯಬೇಕು, ಬರೆದುದು ಪ್ರಕಟವಾಗಬೇಕು. ಮಗನನ್ನು ಇಂಥ ಶಾಲೆಗೆ ಕಳುಹಿಸಲಿರುವ ರೋಣದ ತಂದೆಯೂ ಫೀ ಎಷ್ಟೆಂದು ಕೇಳುವ ಮೊದಲು, ಹಗ್ಗ ಹರಿಯುವ ಪಾಠವನ್ನು ಎಷ್ಟು ಸಲ ಮಾಡಿಸುವಿರೆಂದು ಕೇಳಲಿ.