ಮಂಡಿಯ ದಾಖಲೆ ಯಾರ ಕೈಯಲ್ಲಿ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನ ಕೀಲುಸವೆತದಿಂದ ಬಳಲುತ್ತಿದ್ದರು. ಅವರಲ್ಲಿ 36.5 ಕೋಟಿ ಮಂದಿಯದು ಮಂಡಿಯ ತೊಂದರೆ. ಇಷ್ಟು ವ್ಯಾಪಕವಾದ ವ್ಯಾಧಿಯ ಬಗೆಗಿನ ತೀರ್ಮಾನ ಇಂದಿಗೂ ಹೆಚ್ಚಾಗಿ ಒಂದು ಕ್ಷ-ಕಿರಣ ಚಿತ್ರ ಮತ್ತು ಕೆಲವೇ ನಿಮಿಷಗಳ ಮಾತುಕತೆಯನ್ನು ಅವಲಂಬಿಸಿದೆ. ಚಿತ್ರದಲ್ಲಿ ಕಾಣುವ ಸವೆತಕ್ಕೂ ರೋಗಿ ಅನುಭವಿಸುವ ನೋವಿಗೂ ಅನೇಕ ವೇಳೆ ತಾಳೆಯಾಗುವುದಿಲ್ಲವೆಂಬುದು ವೈದ್ಯರೂ ಬಲ್ಲ ಸಂಗತಿ.

ತೊಡೆಗೊಂದು, ಮಂಡಿಯ ಕೆಳಗೊಂದು ಕಟ್ಟಿಕೊಳ್ಳುವ ಪುಟ್ಟ ಸಂವೇದಕಗಳು ಈ ಕೊರತೆಯನ್ನು ಕೊಂಚಮಟ್ಟಿಗೆ ನೀಗಬಲ್ಲವು. ಮಂಡಿ ಎಷ್ಟು ಮಡಿಚುತ್ತದೆ, ನಡಿಗೆಯಲ್ಲಿ ಯಾವ ಕಾಲು ಹಿಂಜರಿಯುತ್ತದೆ, ಕುರ್ಚಿಯಿಂದ ಏಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೆಲ್ಲ ಅವು ಮನೆಯಲ್ಲಿಯೇ ದಾಖಲಿಸುತ್ತವೆ. ನೋವನ್ನು ಮಾತ್ರ ಅಳೆಯಲಾರವು. ಅದನ್ನು ರೋಗಿಯೇ ಹೇಳಬೇಕು. ಸಮತಟ್ಟಾದ ನೆಲದ ಮೇಲಿನ ನಡಿಗೆಯನ್ನಷ್ಟೇ ಅಳೆದರೂ ಸಾಲದು. ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಿನಲ್ಲಿ ಕುಳಿತು ಶೌಚ ಮಾಡುವ, ಬಗ್ಗಿ ನಾಟಿ ಹಾಕುವ ನಮ್ಮ ಜನರ ಮಂಡಿಗೆ ಬೇರೆಯದೇ ಮಾನದಂಡ ಬೇಕು.

ಈ ಸಾಧನಗಳ ನಿಜವಾದ ಪ್ರಯೋಜನ ಅರ್ಥಶಾಸ್ತ್ರಕ್ಕೆ ಸಂಬಂಧಿಸಿದ್ದೆಂದು ನನ್ನ ಭಾವನೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮಂಡಿಗಳಿಗೆ ಗರಿಷ್ಠ ಬೆಲೆ ವಿಧಿಸಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆ ತೆರಿಗೆ ಹೊರತುಪಡಿಸಿ 54,720 ರೂಪಾಯಿಗೆ ಇಳಿಯಿತು. ಕ್ರಮ ಸ್ತುತ್ಯರ್ಹವೇ. ಆದರೆ ಶಸ್ತ್ರಚಿಕಿತ್ಸೆ ಅಗತ್ಯವೇ ಎಂಬ ಪ್ರಶ್ನೆಯನ್ನು ಯಾವ ಬೆಲೆ ಮಿತಿಯೂ ಬಗೆಹರಿಸದು. ಅಲ್ಲಿ ಮಾರುವವನಿಗೆ ಎಲ್ಲವೂ ಗೊತ್ತು, ಕೊಳ್ಳುವವನಿಗೆ ಏನೂ ಗೊತ್ತಿಲ್ಲ. ವ್ಯಾಯಾಮ ಮತ್ತು ತೂಕ ಇಳಿಕೆಯೇ ಮೊದಲ ಚಿಕಿತ್ಸೆಯೆಂದು ವೈದ್ಯಶಾಸ್ತ್ರ ಹೇಳುತ್ತದೆ. ಮೂರು ತಿಂಗಳ ವ್ಯಾಯಾಮದಿಂದ ನಡಿಗೆ ಸುಧಾರಿಸಿತೇ ಎಂಬ ದಾಖಲೆ ಕೈಯಲ್ಲಿದ್ದರೆ, ರೋಗಿ ಎರಡನೆಯ ವೈದ್ಯರ ಅಭಿಪ್ರಾಯವನ್ನು ಧೈರ್ಯವಾಗಿ ಕೇಳಬಹುದು.

ಅದೇ ದಾಖಲೆ ತಯಾರಕರ ಅಥವಾ ಆಸ್ಪತ್ರೆಯ ಗಣಕದಲ್ಲಷ್ಟೇ ಉಳಿದರೆ ಅದು ಗಿರಾಕಿಗಳನ್ನು ಗುರುತಿಸುವ ಪಟ್ಟಿಯಾಗುತ್ತದೆ. ವಿಮಾ ಕಂಪನಿಗಳಿಗೂ ಅದರಲ್ಲಿ ಆಸಕ್ತಿ ಇಲ್ಲದಿರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆಗೆ ಮಹತ್ವ ನೀಡಿದೆ, ನಿಜ. ನೋವಿನಲ್ಲಿರುವ ವೃದ್ಧೆ ಮೊಬೈಲ್ ಪರದೆಯ ಮೇಲೆ ಒತ್ತುವ ಒಪ್ಪಿಗೆಗೆ ಎಷ್ಟು ಅರ್ಥವಿದೆಯೋ!

ಸರ್ಕಾರ ಈ ಸಾಧನಗಳ ಖರೀದಿಗೆ ಸಹಾಯಧನ ನೀಡುವ ಅಗತ್ಯವಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಭೌತಚಿಕಿತ್ಸಕರ ಹುದ್ದೆಗಳನ್ನು ಭರ್ತಿ ಮಾಡಿ, ಗ್ರಂಥಾಲಯದ ಪುಸ್ತಕದಂತೆ ಕೆಲವು ವಾರಗಳ ಮಟ್ಟಿಗೆ ಸಂವೇದಕಗಳನ್ನು ಎರವಲು ಕೊಡಲಿ. ವರದಿಯ ಮೊದಲ ಪ್ರತಿ, ಕನ್ನಡದಲ್ಲಿ, ರೋಗಿಯ ಕೈ ಸೇರಲಿ.