ಟಿಸಿ ಸುಟ್ಟ ಮ್ಯಾಲೆ ಬರಬ್ಯಾಡ್ರಿ, ಸುಡೋಕಿಂತ ಮೊದಲು ಬರ್ರಿ

ಇವತ್ತು ಬೆಳೆ ಬಗ್ಗೆ ಅಲ್ಲ, ಬೆಳೆಗೆ ನೀರು ಕೊಡೋ ಟಿಸಿ ಬಗ್ಗೆ ಬರಿಯಾಕತ್ತೀನಿ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆ ಬ್ಯಾಸಿಗಿ ಹತ್ತಿತಂದ್ರ ಒಂದು ಮಾತು ಕಿವಿಗೆ ಬಿದ್ದ ಬೀಳತೈತಿ: "ನಮ್ಮ ಟಿಸಿ ಸುಟ್ಟೈತಿ." ಕೇಳಿದವರು "ಯಾವಾಗ ಹೊಸದು ಕೊಡ್ತಾರಂತ?" ಅಂತಾರ. ಯಾಕ ಸುಟ್ಟಿತು ಅಂತ ಒಬ್ಬನೂ ಕೇಳಂಗಿಲ್ಲ. ಬಿಸಿಲು ಜಾಸ್ತಿ, ಲೋಡ್ ಜಾಸ್ತಿ, ನಮ್ಮ ನಸೀಬು ಅಂತ ಸುಮ್ಮನಾಗ್ತೀವಿ. ಇದು ನಸೀಬಲ್ಲ ಅಂತ ನನ್ನ ವಾದ. ಸಿಡಿಲು ಬಡಿದು ಸುಟ್ಟದ್ದು ಬ್ಯಾರೆ. ಉಳಿದಂತೆ ಬಹಳ ಟಿಸಿ ಒಮ್ಮೆಲೇ ಸುಡಂಗಿಲ್ಲ. ಎಷ್ಟೋ ದಿನ ಮೊದಲ ಎಲ್ಲೋ ಒಂದು ಬೋಲ್ಟು, ಒಂದು ಲಗ್ಗು, ಒಂದು ಫ್ಯೂಸು ಕಾಯಾಕ ಹತ್ತಿರತೈತಿ. ನಮ್ಮ ಕಣ್ಣಿಗೆ ಕಾಣಂಗಿಲ್ಲ, ಅಷ್ಟ.

ಆ ಬಿಸಿ ನೋಡೋ ಕ್ಯಾಮೆರಾ ಐತಿ. ಇನ್‌ಫ್ರಾರೆಡ್ ಕ್ಯಾಮೆರಾ ಅಂತಾರ, ಥರ್ಮಲ್ ಕ್ಯಾಮೆರಾ ಅಂತಲೂ ಅಂತಾರ. ಬಿಸಿಯಾದ ಎಲ್ಲ ವಸ್ತುವಿನಿಂದ ಕಣ್ಣಿಗೆ ಕಾಣದ ಕಿರಣ ಬರತಾವು. ಹರ್ಷಲ್ ಅನ್ನೋ ವಿಜ್ಞಾನಿ 1800ರಲ್ಲೇ ಅದನ್ನ ಥರ್ಮಾಮೀಟರ್ ಇಟ್ಟು ಕಂಡುಹಿಡಿದ. ಈಗ ನೆಲದ ಮ್ಯಾಲೆ ನಿಂತು, ಏನೂ ಮುಟ್ಟದೆ, ಲೈನ್ ಬಂದ್ ಮಾಡದೆ ನೋಡಬಹುದು. ಕಾದ ಜಾಗ ಪರದೆ ಮ್ಯಾಲೆ ಬೆಳ್ಳಗ, ಹಳದಿ ಕಾಣತೈತಿ. ದೊಡ್ಡ ಸಬ್‌ಸ್ಟೇಷನ್ನು, ಕಾರ್ಖಾನೆಗಳಲ್ಲಿ ಇದು ಹಳೇ ಪದ್ಧತಿ. ನಮ್ಮ ಹೊಲದ ಟಿಸಿ ಹತ್ರ ಈ ಕ್ಯಾಮೆರಾ ಹಿಡಕೊಂಡು ಬಂದವರನ್ನ ನಾನಂತೂ ಇವತ್ತಿನತನಕ ನೋಡಿಲ್ಲ.

ಬೋಲ್ಟು ಯಾಕ ಕಾಯತೈತಿ? ಹತ್ತನೇ ಕ್ಲಾಸಿನ ವಿಜ್ಞಾನದಾಗ ಓದಿದ ಲೆಕ್ಕ ಇದು. 63 ಕೆವಿಎ ಟಿಸಿಗೆ ಪೂರ್ತಿ ಲೋಡ್ ಬಿದ್ರ ಒಂದೊಂದು ಫೇಸ್‌ನಾಗ 84 ಆಂಪ್ಸ್ ಹತ್ರ ಕರೆಂಟ್ ಹರೀತೈತಿ. 80 ಅಂತ ಇಟ್ಕೊಳ್ರಿ. ಒಂದು ಲಗ್ಗು ಸಡಿಲಾಗಿ ಅಲ್ಲಿ ಒಂದು ಓಮ್‌ನ ನೂರನೇ ಒಂದು ಪಾಲು ತಡೆ ಹುಟ್ಟಿತು. 80 ಗುಣಿಸು 80, ಭಾಗಿಸು 100. 64 ವ್ಯಾಟ್ ಆತು. ಹಿಂದಕ ಮನ್ಯಾಗ ಹಾಕ್ತಿದ್ದ 60 ಕ್ಯಾಂಡಲ್ ಬಲ್ಬು ಮುಟ್ಟಿದ್ರ ಕೈ ಸುಡ್ತಿತ್ತಲ್ಲ, ಅಷ್ಟು ಬಿಸಿ ಹೆಬ್ಬೆಟ್ಟಿನಷ್ಟು ಜಾಗದಾಗ! ಕಾದಂಗ ಅದಕ್ಕ ಕಿಲುಬು ಹಿಡಿತೈತಿ, ಕಿಲುಬು ಹಿಡಿದಂಗ ತಡೆ ಹೆಚ್ಚತೈತಿ, ತಡೆ ಹೆಚ್ಚಿದಂಗ ಇನ್ನೂ ಕಾಯತೈತಿ. ಕಡೀಗೆ ಒಂದು ಫೇಸ್ ಹೋಗತೈತಿ. ಮೋಟಾರು ಎರಡೇ ಫೇಸ್‌ನಾಗ ಗುಂಯ್ ಅಂತ ನಿಂತು ಅದರ ವೈಂಡಿಂಗೂ ಸುಡತೈತಿ. ಬೋರಿನಿಂದ ಮೋಟಾರು ಎತ್ತಿ, ರಿವೈಂಡಿಂಗ್ ಮಾಡಿಸಿ, ಮತ್ತ ಇಳಿಸೋ ಖರ್ಚು ಎಷ್ಟಂತ ನಿಮಗ ನಾನು ಹೇಳಬೇಕಿಲ್ಲ.

ಒಂದು ಪಾನಾ ಹಾಕಿ ಬೋಲ್ಟು ಬಿಗಿ ಮಾಡಿದ್ರ, ಲಗ್ಗು ತಿಕ್ಕಿ ಬದಲಿಸಿದ್ರ ಮುಗಿಯೋ ಕೆಲಸ ಇದು. ಅದನ್ನ ಮಾಡದೆ ಟಿಸಿ, ಮೋಟಾರು, ಬೆಳೆ ಮೂರೂ ಕಳ್ಕೊಳ್ತೀವಿ.

ಈಗ ಕಾನೂನಿನ ಮಾತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮದ ಪ್ರಕಾರ ಕೆಟ್ಟ ಟಿಸಿಯನ್ನ ಪಟ್ಟಣದಾಗ 24 ತಾಸಿನೊಳಗ, ಹಳ್ಳಿಯಾಗ 72 ತಾಸಿನೊಳಗ ಬದಲಿಸಬೇಕು. ಹಳ್ಳಿಯವನಿಗೆ ಮೂರು ಪಟ್ಟು ಯಾಕ ಅನ್ನೋ ಪ್ರಶ್ನೆ ಒಂದು ಕಡೆ ಇರಲಿ. ಆ ಗಡಿಯಾರ ಶುರುವಾಗೋದ ಸುಟ್ಟ ಮ್ಯಾಲೆ. ಹೂವು ಹಿಡಿದ ಶೇಂಗಾ, ಕಾಯಿ ಕಟ್ಟಿದ ದಾಳಿಂಬಿ ಏಪ್ರಿಲ್ ಬಿಸಿಲಿನಾಗ 72 ತಾಸಿನ ಲೆಕ್ಕ ಕೇಳಂಗಿಲ್ಲ. ಸುಡೋಕಿಂತ ಮೊದಲು ನೋಡಬೇಕು ಅನ್ನೋಕ ಇಂಥ ಒಂದು ಗಡಿಯಾರ ರೈತನ ಕೈಯಾಗ ಯಾರೂ ಕೊಟ್ಟಿಲ್ಲ.

ಬೆಂಗಳೂರಿನಾಗ 2022ರ ಮಾರ್ಚ್ 23ರಂದು ಏನಾತು ನೆನಪೈತೇನು? ಉಲ್ಲಾಳ ಹತ್ರ ರಸ್ತೆ ಬದಿ ಟಿಸಿ ಸಿಡಿದು, ಸ್ಕೂಟರಿನ ಮ್ಯಾಲೆ ಹೊಂಟಿದ್ದ ತಂದೆ ಮಗಳು ಸುಟ್ಟು ಹೋದ್ರು. ಆಮ್ಯಾಲೆ ಆ ವರ್ಷ ಮೇ ತಿಂಗಳಾಗ ರಾಜ್ಯದ ತುಂಬ ಟಿಸಿ ನಿರ್ವಹಣಾ ಅಭಿಯಾನ ಅಂತ ಮಾಡಿದ್ರು. ಮಾಡಿದ್ದು ಒಳ್ಳೇದು. ಆದ್ರ ಎರಡು ಜೀವ ಹೋದ ಮ್ಯಾಲೆ ಅಭಿಯಾನ ಯಾಕ? ವರ್ಷಾವರ್ಷ ಮಾಡೋ ಕೆಲಸಕ್ಕ ಅಭಿಯಾನ ಅಂತ ಹೆಸರು ಯಾಕ ಬೇಕು?

ಈ ಮಾತು ಎತ್ತಿದ್ರ ಬರೋ ಉತ್ತರ ನನಗ ಗೊತ್ತೈತಿ.

"10 ಎಚ್‌ಪಿತನಕ ಕರೆಂಟು ಪುಕ್ಕಟೆ, ಮತ್ತೇನು ಕೇಳ್ತೀರಿ?" ಪುಕ್ಕಟೆ ಅಂದ್ರ ಯಾರೂ ರೊಕ್ಕ ಕೊಟ್ಟಿಲ್ಲ ಅಂತ ಅಲ್ರೀ. ನಮ್ಮ ಬದಲಿ ಸರ್ಕಾರ ಕೊಡತೈತಿ. ನಮ್ಮದೇ ಜಿಲ್ಲೆಯ ಶಕ್ತಿನಗರದಾಗ 1985ರಿಂದ ಕರೆಂಟು ಹುಟ್ಟಾಕತ್ತೈತಿ, 1720 ಮೆಗಾವ್ಯಾಟಿನ ಸ್ಥಾವರ. ಅದರ ಬೂದಿ, ಹೊಗಿ ನಮ್ಮ ಜಿಲ್ಲೆಗೆ. ಟಿಸಿ ಒಂದು ಸಲ ನೋಡಿ ಹೋಗ್ರಿ ಅಂದ್ರ ಭಿಕ್ಷೆ ಕೇಳಿದಂಗ ಆಗತೈತೇನು?

"ಅಕ್ರಮ ಮೋಟಾರು ಹಾಕಿ ಲೋಡ್ ಮಾಡಿದವರು ನೀವ." ಇದರಾಗ ಖರೆ ಐತಿ, ಮುಚ್ಚಿಡಂಗಿಲ್ಲ. 63 ಕೆವಿಎಗೆ 5 ಎಚ್‌ಪಿ ಮೋಟಾರು ಸುಮಾರು ಹತ್ತು ಕೂಡತಾವು, ಹದಿನೈದು ಹಚ್ಚಿದ್ರ ಅದು ಉಳಿಯಂಗಿಲ್ಲ. ಕೆಲವರು ಫ್ಯೂಸ್ ಹೋಗಬಾರದು ಅಂತ ದಪ್ಪ ಅಲ್ಯೂಮಿನಿಯಂ ತಂತಿ ಸುತ್ತತಾರ. ಅಣ್ಣಾ, ಫ್ಯೂಸ್ ಇರೋದ ಹೋಗಾಕ. ಅದು ಹೋಗದಿದ್ರ ಟಿಸಿ ಹೋಗತೈತಿ. ಆದ್ರ ಲೋಡ್ ಹೆಚ್ಚಾಗೈತಿ ಅನ್ನೋದಕ್ಕೂ ಅಳತೆ ಬೇಕಲ್ಲ? ಕ್ಲಾಂಪ್ ಮೀಟರಿನ ಆಂಪ್ಸ್, ಕ್ಯಾಮೆರಾದ ಬಿಸಿ ಎರಡೂ ಕಾಗದದ ಮ್ಯಾಲೆ ಇದ್ರ ನಮ್ಮ ತಪ್ಪು ಎಷ್ಟು, ನಿಮ್ಮ ತಪ್ಪು ಎಷ್ಟು ಅಂತ ಬಯಲಾಗತೈತಿ. ಅಳೆಯದೆ ಬೈಯೋದು ಸುಲಭ.

"ಕ್ಯಾಮೆರಾ ತುಟ್ಟಿ." ಒಂದು ಬೈಕಿನ ದುಡ್ಡಿಗೆ ಸಾಧಾರಣ ಕ್ಯಾಮೆರಾ ಬರತೈತಿ. ಕಂಬದ ಮ್ಯಾಲಿನ ಸಣ್ಣ ಬೋಲ್ಟು ನೆಲದಿಂದ ಕಾಣಬೇಕಂದ್ರ ಇನ್ನೂ ಒಳ್ಳೇದು ಬೇಕು, ಒಪ್ಪಿದೆ. ತಾಲೂಕಿಗೆ ಒಂದು ಸಾಕು. ಸುಟ್ಟ ಟಿಸಿಗಳ ರಿಪೇರಿ ಖರ್ಚಿನ ಮುಂದ ಅದು ಎಷ್ಟರದು?

ಕ್ಯಾಮೆರಾ ತಂದು ಹಗಲೊತ್ತು ಒಂದು ಫೋಟೋ ಹೊಡಕೊಂಡು ಹೋದ್ರೂ ಪ್ರಯೋಜನ ಇಲ್ಲ. ತ್ರೀಫೇಸ್ ಇಲ್ಲದಾಗ ಮೋಟಾರು ಓಡಂಗಿಲ್ಲ, ಲೋಡ್ ಇಲ್ಲದಾಗ ಲಗ್ಗು ಕಾಯಂಗಿಲ್ಲ. ಕರೆಂಟು ಅರ್ಧ ಆದ್ರ ಬಿಸಿ ನಾಲ್ಕನೇ ಒಂದು ಪಾಲಿಗೆ ಇಳೀತೈತಿ, ಮ್ಯಾಲಿನ 64 ವ್ಯಾಟು 16 ಆಗತೈತಿ. ಅದಕ್ಕ ನಮ್ಮ ತ್ರೀಫೇಸ್ ಪಾಳಿಯಾಗ, ಎಲ್ಲ ಮೋಟಾರು ಓಡೋವಾಗ ಬರಬೇಕು. ಹೊತ್ತು ಮುಳುಗಿದ ಮ್ಯಾಲೆ ಆದ್ರ ಇನ್ನೂ ಚಲೋ, ಬಿಸಿಲಿನ ಮಿಂಚು ಕ್ಯಾಮೆರಾಕ್ಕ ಮೋಸ ಮಾಡತೈತಿ. ಹೊಳೆಯೋ ಬರಿ ಲೋಹದ ಮ್ಯಾಲೂ ಅಳತೆ ತಪ್ಪತೈತಿ. ಮುಚ್ಚಿದ ಪೆಟ್ಟಿಗೆಯೊಳಗಿನ ಬೋಲ್ಟು ಅದಕ್ಕ ಕಾಣಂಗಿಲ್ಲ. ಹಂಗಾಗಿ ಕಲಿತವರೇ ನೋಡಬೇಕು. ಮೂರೂ ಫೇಸಿನ ಲೋಡ್ ಒಂದೇ ಇದ್ದು, ಒಂದರ ಜಾಯಿಂಟು ಉಳಿದವಕ್ಕಿಂತ 15 ಡಿಗ್ರಿ ಮೀರಿ ಕಾದಿದ್ರ ತಡಮಾಡದೆ ರಿಪೇರಿ ಮಾಡಬೇಕು ಅನ್ನೋದು ಈ ಕಸುಬಿನವರ ಲೆಕ್ಕ.

ಇದು ರೈತನ ಸಲುವಾಗಿ ಮಾತ್ರ ಅಲ್ಲ. ಕಂಬ ಹತ್ತೋ ಲೈನ್‌ಮ್ಯಾನ್ ಹುಡುಗನೂ ಯಾರದೋ ಮನಿ ಮಗ. ಯಾವ ಬೋಲ್ಟು ಅಂತ ಮೊದಲ ಗೊತ್ತಿದ್ರ ಅವ ಎಲ್‌ಸಿ ತಗೊಂಡು, ಅರ್ಥ್ ಮಾಡಿ, ಹತ್ತಿ, ಅದನ್ನ ಒಂದ ಬಿಗಿ ಮಾಡಿ ಇಳೀತಾನ. ಸುಟ್ಟ ದಿನ ನಾವು ಇಪ್ಪತ್ತು ಮಂದಿ ಕೆಳಗ ನಿಂತು "ಲಗು ಮಾಡೋ" ಅಂತ ಒದರೋವಾಗ ಅವ ಅವಸರ ಮಾಡ್ತಾನ. ಜೀವ ಹೋಗೋದು ಆ ಅವಸರದಾಗ.

ನಮ್ಮ ಬೇಡಿಕೆ ಇಷ್ಟು. ವರ್ಷಕ್ಕ ಎರಡು ಸಲ, ಬ್ಯಾಸಿಗಿ ಲೋಡ್ ಏರುತ್ಲೆ ಒಮ್ಮೆ, ಮುಂಗಾರಿ ಮುಗಿದು ಹಿಂಗಾರಿ ನೀರು ಶುರುವಾದಾಗ ಒಮ್ಮೆ, ಪ್ರತಿ ಟಿಸಿ ನೋಡ್ರಿ. ಎಣ್ಣಿ ಮಟ್ಟ, ಅರ್ಥಿಂಗ್‌ ಸುದ್ದಾ ನೋಡ್ರಿ, ಯಾಕಂದ್ರ ಕ್ಯಾಮೆರಾ ಎಲ್ಲಾ ಹೇಳಂಗಿಲ್ಲ. ಟಿಸಿ ನಂಬರು, ನೋಡಿದ ದಿನ, ಎಷ್ಟು ಡಿಗ್ರಿ, ರಿಪೇರಿ ಮಾಡಿದ ದಿನ, ಈ ನಾಲ್ಕು ಪಂಚಾಯ್ತಿ ಬೋರ್ಡಿನ ಮ್ಯಾಲೆ ಹಚ್ಚರಿ. ನಾಲ್ಕನೇದು ಖಾಲಿ ಇದ್ರ ಮೊದಲಿನ ಮೂರೂ ದಂಡ.

ಮುಂದಿನ ಗ್ರಾಮಸಭೆಯಾಗ ಇದನ್ನ ಠರಾವು ಮಾಡಿಸ್ರಿ. ಒಂದು ಟಿಸಿಗೆ ಕೂಡಿದ ರೈತರೆಲ್ಲ ಒಂದ ಅರ್ಜಿಗೆ ಸಹಿ ಹಾಕಿ, ಟಿಸಿ ನಂಬರು ಬರೆದು, ಸ್ವೀಕೃತಿ ತಗೊಳ್ರಿ. ಸುಟ್ಟ ಮ್ಯಾಲೆ ಟ್ರ್ಯಾಕ್ಟರಿಗೆ ವಂತಿಗೆ ಕೂಡಿಸಾಕ ಒಂದಾಗ್ತೀವಲ್ಲ, ಸುಡೋಕಿಂತ ಮೊದಲು ಒಂದು ಸಹಿಗೆ ಒಂದಾಗ್ರಿ.