‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಅನ್ನೋದೊಂದು ಇಲ್ಲವೇ ಇಲ್ಲ ಕಣ್ರೋ | ಭಾಗ 4

ಫೋಟೋದಲ್ಲಿ ಪುಷ್ಕರಣಿ ಹಿಂದೆ, ನನ್ನ ಸ್ಕೂಟಿ ಮುಂದೆ. ಸ್ಕೂಟಿ ಯಾಕೆ ಅಂತ ಕೊನೇಲಿ ಹೇಳ್ತೀನಿ.

ಈ ವಾರ ಮೆಸೇಜಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರಿ: “ಜರ್ಮನಿಗೆ ಎಂಎಸ್ ಮಾಡೋಕೆ ಹೊರಟಿದೀನಿ, ಇಂಟರ್‌ನ್ಯಾಷನಲ್ ಲೈಸೆನ್ಸ್ ಎಲ್ಲಿ ಮಾಡಿಸ್ಲಿ?”

ಅಂಥ ಲೈಸೆನ್ಸ್ ಇಲ್ಲ. ಇರೋದು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದ್ರೆ ಐಡಿಪಿ. ನಿಮ್ಮ ಹತ್ರ ಈಗಾಗಲೇ ಇರೋ ಡಿಎಲ್‌ನ ಬೇರೆ ದೇಶದ ಪೊಲೀಸರಿಗೆ ಓದೋಕೆ ಬರೋ ಹಾಗೆ ಅನುವಾದ ಮಾಡಿದ ಕಾಗದ ಅಷ್ಟೇ. 1949ರ ಜಿನೀವಾ ಒಪ್ಪಂದಕ್ಕೆ ಭಾರತ ಸೇರಿದೆ, ಅದರ ಪ್ರಕಾರ ಇದನ್ನ ಕೊಡ್ತಾರೆ. ಒರಿಜಿನಲ್ ಡಿಎಲ್ ಜೊತೆಗಿಲ್ಲದಿದ್ರೆ ಬರೀ ಐಡಿಪಿಗೆ ಬೆಲೆ ಇಲ್ಲ. ಎಲ್‌ಎಲ್ ಇಟ್ಕೊಂಡು ಅರ್ಜಿ ಹಾಕೋಕೂ ಆಗಲ್ಲ.

ಮಾಡಿಸೋದು ಆರ್‌ಟಿಒದಲ್ಲಿ. ನಮ್ಮ ಕಡೆಯೋರಿಗೆ ಅಂದ್ರೆ ಕೆಎ 17, ದಾವಣಗೆರೆ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ಫಾರ್ಮ್ 4ಎ, ಶುಲ್ಕ 1000 ರೂಪಾಯಿ. ಅವಧಿ 1 ವರ್ಷ. ಅಷ್ಟರೊಳಗೆ ಡಿಎಲ್ ಮುಗಿದ್ರೆ ಇದೂ ಮುಗೀತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲಾ ಒಂದೇ ಮಾದರಿ ಮಾಡಿ, ಡಿಎಲ್ ಜೊತೆ ಹೊಂದಿಸೋ ಕ್ಯೂಆರ್ ಕೋಡ್ ಸೇರಿಸ್ತು. ಆದ್ದರಿಂದ ನೆಟ್ಟಲ್ಲಿ “10 ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್, ಮನೆ ಬಾಗಿಲಿಗೆ” ಅಂತ ಜಾಹೀರಾತು ಕಂಡ್ರೆ ದುಡ್ಡು ಹಾಕಬೇಡಿ. ಅದು ಚೆಂದದ ಪ್ಲಾಸ್ಟಿಕ್ ಕಾರ್ಡ್, ಇನ್ನೇನಲ್ಲ.

ಸರಿಯಾದ ಐಡಿಪಿ ಇದ್ರೂ ಎಲ್ಲಾ ಕಡೆ ನಡೆಯಲ್ಲ. ಚೀನಾ ಒಪ್ಪೋದೇ ಇಲ್ಲ. ದುಬೈ ನೋಡೋಕೆ ಹೋದೋರು ಓಡಿಸಬಹುದು. ಕೆಲಸಕ್ಕೆ ಹೋಗಿ ರೆಸಿಡೆನ್ಸ್ ವೀಸಾ ಆದ ಮೇಲೆ ಅಲ್ಲಿನ ಲೈಸೆನ್ಸೇ ಬೇಕು. ಜರ್ಮನಿಯಲ್ಲಿ ವಾಸ ಶುರುವಾದ ಮೇಲೆ 6 ತಿಂಗಳು ಮಾತ್ರ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೀಬೇಕು, ಓಡಿಸಿ ತೋರಿಸಬೇಕು.

ಇದು ಮಾಹಿತಿ. ಈಗ ನನ್ನ ಮಾತು.

“ಚನ್ನಗಿರಿ ರೋಡಲ್ಲಿ ಅಡಿಕೆ ಲಾರಿ ಮಧ್ಯೆ ಬೈಕ್ ಓಡಿಸಿದೋನು ಪ್ರಪಂಚದಲ್ಲಿ ಎಲ್ಲಾದ್ರೂ ಓಡಿಸ್ತಾನೆ ಗುರು” ಅಂತೀವಲ್ಲ? ನಾನೂ ಅಂದಿದೀನಿ. ಅದು ತಪ್ಪು. ನಾವು ಓಡಿಸೋದು ಹಾರ್ನ್ ನಂಬ್ಕೊಂಡು, ಎದುರಿನೋರ ಕಣ್ಣು ನೋಡ್ಕೊಂಡು. ಜರ್ಮನಿಯಲ್ಲಿ ಬೋರ್ಡಾಗಲಿ ಸಿಗ್ನಲ್ ಆಗಲಿ ಇಲ್ಲದ ಕ್ರಾಸಲ್ಲಿ ಬಲಗಡೆಯಿಂದ ಬರೋರಿಗೆ ದಾರಿ ಬಿಡಬೇಕು. ನೀವು ನಿಲ್ಲಿಸ್ತೀರಿ ಅನ್ನೋ ನಂಬಿಕೆ ಮೇಲೆ ಅವರು ಬರ್ತಾರೆ, ಹಾರ್ನ್ ಹೊಡೆಯಲ್ಲ. ಸಾಲದ್ದಕ್ಕೆ ಅಲ್ಲಿ ಗಾಡಿ ಓಡೋದೇ ರಸ್ತೆಯ ಬಲಕ್ಕೆ. ನಾವು ತಿರುಗೋವಾಗ ಅಭ್ಯಾಸಬಲದಿಂದ ಎಡಕ್ಕೆ ಹೋದ್ರೆ ಎದುರಿಗೆ ಬರೋರ ಗತಿ ಏನು?

ನಾಚಿಕೆ ಆಗೋ ವಿಷಯ ಅಂದ್ರೆ, ಬಲಗಡೆಯಿಂದ ಬರೋರಿಗೆ ದಾರಿ ಬಿಡೋ ನಿಯಮ ನಮ್ಮ ದೇಶದ ಪುಸ್ತಕದಲ್ಲೂ ಐತೆ. ನಮ್ಮ ಬ್ಯಾಚಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಹೇಳ್ರಿ? ನನಗಂತೂ ಗೊತ್ತಿರಲಿಲ್ಲ. ನಾನು ಲೈಸೆನ್ಸ್ ತಗೊಂಡಾಗ ಕಾಲು ಊರದೆ ಎಂಟು ಹಾಕೋದು ಕಲ್ತಿದ್ದೆ, ಅಷ್ಟೇ. ಇಂಡಿಕೇಟರ್ ಹಾಕೋ ಅಭ್ಯಾಸ ಬಂದಿದ್ದು ಎಷ್ಟೋ ತಿಂಗಳಾದ ಮೇಲೆ.

ಐಡಿಪಿ ನಿಮ್ಮ ಹೆಸರನ್ನ, ಯಾವ ಗಾಡಿ ಓಡಿಸಬಹುದು ಅನ್ನೋದನ್ನ ಅನುವಾದ ಮಾಡುತ್ತೆ. ಮಿರರ್‌ಗೆ ಹೆಲ್ಮೆಟ್ ನೇತುಹಾಕಿ ತ್ರಿಬಲ್ಸ್ ಹೋಗೋ ನಮ್ಮ ಬುದ್ಧಿಯನ್ನ ಮಾಡಲ್ಲ. ಲೈಸೆನ್ಸ್ ನಡೆಯದ ಕಡೆ ಗಾಡಿ ಓಡಿಸಿ ಯಾರಿಗಾದ್ರೂ ಗುದ್ದಿದ್ರೆ, ಇನ್ಶೂರೆನ್ಸ್‌ನೋರು ಆ ದುಡ್ಡು ನಿಮ್ಮಿಂದಲೇ ಕೇಳಬಹುದು. ಅಪ್ಪ ತೋಟದ ಪತ್ರ ಇಟ್ಟು ಎಜುಕೇಶನ್ ಲೋನ್ ತೆಗೆದಿರೋ ಮನೆಗೆ ಅದು ಸಣ್ಣ ಮಾತಲ್ಲ. ಗುದ್ದಿಸಿಕೊಂಡೋರ ಮನೇಲೂ ಒಬ್ಬ ಅಪ್ಪ ಇರ್ತಾರೆ.

ಅದಕ್ಕೇ ಹೇಳ್ತೀನಿ: ಐಡಿಪಿ ಬೇಕಿದ್ರೆ ಮಾಡಿಸ್ರಿ, ಆದ್ರೆ ಹೋದ ವಾರವೇ ಕಾರು ಬಾಡಿಗೆ ತಗೋಬೇಡಿ. ಮೊದಲು ಬಸ್ಸು, ರೈಲು. ಕಿಟಕಿ ಪಕ್ಕ ಕೂತು ಅಲ್ಲಿನ ರಸ್ತೆ ನೋಡ್ರಿ. ಅಭ್ಯಾಸ ಮಾತ್ರ ಇಲ್ಲೇ ಶುರು ಮಾಡಿ, ನಾಳೆ ಬೆಳಗ್ಗೆಯಿಂದಲೇ.

ಈಗ ಸ್ಕೂಟಿ ವಿಷಯ. ಝೂಮ್ ಮಾಡಿ ನೋಡ್ರಿ: ಎಡಗಡೆ ಇಂಡಿಕೇಟರ್ ಒಡೆದು ಐದು ತಿಂಗಳಾಗಿತ್ತು. ಈ ಕ್ಯಾಪ್ಷನ್ ಬರೆಯೋಕೆ ಕೂತು ನಾಚಿಕೆಯಾಗಿ ನಿನ್ನೆ ಹಾಕಿಸ್ಕೊಂಡು ಬಂದೆ.

ನಿಮ್ಮ ಗಾಡೀಲಿ ಏನು ಕೆಟ್ಟಿದೆ? ಕಾಮೆಂಟಲ್ಲಿ ನಿಜ ಹೇಳ್ರಿ. ಹೊರದೇಶಕ್ಕೆ ಹೊರಟಿರೋ ಫ್ರೆಂಡ್‌ಗೆ ಇದನ್ನ ಕಳಿಸ್ರಿ.

#ಸಂತೇಬೆನ್ನೂರು #ಐಡಿಪಿ #ನಮ್ಮೂರಿಂದ_ಹೊರಗೆ